ಹದಿನಾಲ್ಕು ದಿನದ ಕಡ

ಮೇಜಿನ ಮೇಲೆ ಎರಡು ಡಬ್ಬಿ.
ಒಂದು, ಎವಿಯಾಳ ಕಚೇರಿ ಎಸೆಯಲಿದ್ದ ಪುಟ್ಟ ಕಂಪ್ಯೂಟರ್:
ಬೆಣ್ಣೆ ಪೊಟ್ಟಣದಷ್ಟು ದಪ್ಪ, ಮೂಲೆಯಲ್ಲೊಂದು ಗೀರು,
ತಳದಲ್ಲಿ ಇನ್ನೂ ಬಿಡದ ಚೀಟಿ: ಲೆಕ್ಕಪತ್ರ ವಿಭಾಗ, ಹನ್ನೊಂದು.
ಇನ್ನೊಂದು, ಇಂದುಲಿಸನ ಅಂಗಡಿಯಿಂದ ಬಂದ ಸ್ಟ್ರೀಮರ್:
ಕಪ್ಪು ಅಲ್ಯೂಮಿನಿಯಂ, ಒಂದೇ ಗುಂಡಿ,
ಹಾಡಿಸುವುದು ಬಿಟ್ಟರೆ ಬೇರೇನೂ ಬಾರದ ಜಾತಿ.
"ಹದಿನಾಲ್ಕು ದಿನ ಇಟ್ಟುಕೋ," ಅಂದ ಇಂದುಲಿಸ್,
"ಆಮೇಲೆ ದುಡ್ಡು ಕೊಡು, ಇಲ್ಲ ಡಬ್ಬಿ ಕೊಡು."
ಬೆಲೆ ಕೇಳಿದ ಸ್ಕೈದ್ರೀತೆ
ಬಾಯಿಗೊಯ್ದ ರೈ ರೊಟ್ಟಿಯನ್ನು ತಟ್ಟೆಗೇ ಮರಳಿಸಿದಳು.

ನಾನು ಆರ್ಗನ್ ರಿಪೇರಿಯವನು.
ಮೂವತ್ತೆಂಟು ವರ್ಷ ಕುರ್ಜೆಮೆಯ ಚರ್ಚುಗಳಲ್ಲಿ
ಇಲಿ ಕಡಿದ ತಿದಿಗೆ ಕುರಿಚರ್ಮ ಅಂಟಿಸಿ,
ತವರದ ಕೊಳವೆಗಳ ಗಂಟಲು ತೊಳೆದು ಬದುಕಿದವನು.
ಗಾಳಿ ಎಲ್ಲಿ ಸೋರುತ್ತದೆಂದು ಕೆನ್ನೆಯಿಂದಲೇ ಹೇಳಬಲ್ಲೆ.
ಇಂಥವನ ಪಾಲಿಗೆ
ಪುಟ್ಟ ಕಂಪ್ಯೂಟರಿನ ಹೊಟ್ಟೆಯೊಳಗಿನ ಫ್ಯಾನು!
ಉಗುರಷ್ಟು ರೆಕ್ಕೆ, ಕಣಜದಂಥ ಹಟ.
ರಾತ್ರಿ ಹತ್ತಕ್ಕೆ, ವಯೋಲಾ ಇನ್ನೇನು ಬಾಯಿ ಬಿಡಬೇಕು,
ಆಗಲೇ ಅದಕ್ಕೆ ಅಪ್‌ಡೇಟಿನ ಜ್ವರ.

ಸ್ಟ್ರೀಮರ್ ಮಾತ್ರ ಮಹಾ ಮೌನಿ.
ಆದರೆ ಅದರ ಕಂಪನಿ ನಾಳೆ ಬಾಗಿಲು ಹಾಕಿದರೆ?
ಫೋನಿನೊಳಗಿನ ಅದರ ಆ್ಯಪು ಒಂದು ಬೆಳಿಗ್ಗೆ
ನೀವು ಯಾರು ಎಂದುಬಿಟ್ಟರೆ?
ಸ್ಕ್ರೂ ಬಿಚ್ಚಿ ನೋಡಿದೆ (ಇಂದುಲಿಸನಿಗೆ ಹೇಳಬೇಡಿ):
ಒಳಗೆ ನನ್ನ ಕೈಗೆ ದಕ್ಕುವಂಥದು ಏನೂ ಇರಲಿಲ್ಲ.
ಕಂಪ್ಯೂಟರಿಗಾದರೆ ಡಿಸ್ಕ್ ಬದಲಿಸಬಹುದು, ಫ್ಯಾನು ಒರೆಸಬಹುದು,
ಬೈದರೆ ಅರ್ಥವಾದೀತೆಂಬ ಭ್ರಮೆಯನ್ನಾದರೂ ಇಟ್ಟುಕೊಳ್ಳಬಹುದು.

ಒಂಬತ್ತನೆಯ ದಿನ ಪರೀಕ್ಷೆ.
ಕಿಟಕಿಯತ್ತ ಮುಖ ಮಾಡಿ ಕೂತೆ;
ಹೊರಗೆ ವೆಂತಾ ನದಿಯಲ್ಲಿ ಮಾರ್ಚಿನ ಮಂಜುಗಡ್ಡೆ ಒಡೆಯುತ್ತಿತ್ತು.
ಫ್ಯಾನಿನ ಸುಳಿವು ಸಿಗದಿರಲೆಂದು ಎರಡನ್ನೂ ಚಾಲೂ ಇಟ್ಟು
ಬೆನ್ನ ಹಿಂದೆ ಸ್ಕೈದ್ರೀತೆ ತಂತಿ ಬದಲಿಸಿ ಬದಲಿಸಿ ಹಾಡಿಸಿದಳು.
ಹತ್ತು ಸಲ ತೀರ್ಪು ಕೊಟ್ಟೆ.
"ಇದು ಸ್ಟ್ರೀಮರ್. ಕೆಳಸ್ವರಕ್ಕೆ ನೆಲ ಸಿಕ್ಕಿದೆ."
"ಇದು ಕಂಪ್ಯೂಟರ್. ಪಿಟೀಲಿನ ಅಂಚು ಸ್ವಲ್ಪ ಸಿಪ್ಪೆ ಸಿಪ್ಪೆ."
ಮೂವತ್ತೆಂಟು ವರ್ಷದ ಕಿವಿ, ತಮಾಷೆಯಲ್ಲ.
ಅವಳು ನಗದೆ ಬರೆದುಕೊಂಡಳು.
ಊಟಕ್ಕೆ ಕೂತಾಗ ಹೇಳಿದಳು:
"ನಾನು ತಂತಿ ಮುಟ್ಟಲೇ ಇಲ್ಲ.
ಬರೀ ಕುರ್ಚಿ ಎಳೆದು ಸದ್ದು ಮಾಡಿದೆ."

ಬಟಾಣಿ ಸಾರು ಆರುವವರೆಗೆ ನಾನು ಮಾತಾಡಲಿಲ್ಲ.
ಹಾಗಾದರೆ ವ್ಯತ್ಯಾಸವೆಲ್ಲ
ಹಾಡಿಗೆ ಮುಂಚೆ, ಹಾಡು ಮುಗಿದ ಮೇಲೆ.

ಆರ್ಗನ್ ಕಟ್ಟುವವರಿಗೆ ಇದು ಹಳೆಯ ತಲೆನೋವು.
ಗಾಳಿ ಊದುವ ಮೋಟಾರನ್ನು ಯಾರೂ ಕೊಳವೆಯ ಪಕ್ಕ ಇಡುವುದಿಲ್ಲ.
ನೆಲಮಾಳಿಗೆಗೆ ತಳ್ಳುತ್ತಾರೆ, ಗಂಟೆಗೋಪುರದ ಬುಡಕ್ಕೆ,
ಗೋಡೆ ಕೊರೆದು ಗಾಳಿಯನ್ನಷ್ಟೇ ಒಳಗೆ ಬಿಡುತ್ತಾರೆ.
ಇಷ್ಟು ಹೊಳೆಯಲು ನನಗೆ ಹದಿಮೂರು ದಿನ.

ಡ್ರಿಲ್ ತಂದೆ. ಕೋಟು ತೂಗುವ ಗೂಡಿನಲ್ಲಿ
ರಬ್ಬರ್ ಬೂಟುಗಳ ಪಕ್ಕ ಕಂಪ್ಯೂಟರ್ ಮಲಗಿಸಿದೆ.
ಗೋಡೆಯ ತೂತಿನಿಂದ ತಂತಿ ಈಚೆ ಬಂತು,
ಜೊತೆಗೆ ಸ್ವಲ್ಪ ಚಳಿಗಾಳಿ, ಒದ್ದೆ ಉಣ್ಣೆಯ ವಾಸನೆ.
ನನ್ನ ಕೆಲಸದ ಪೆಟ್ಟಿಗೆಯಲ್ಲಿ ಮಿಕ್ಕಿದ್ದ ಫೆಲ್ಟು ಕತ್ತರಿಸಿ
ಸ್ಕೈದ್ರೀತೆ ಆ ತೂತನ್ನು ತುಂಬಿದಳು.
ಸ್ಟ್ರೀಮರನ್ನು ಥರ್ಮಾಕೋಲಿನ ತೊಟ್ಟಿಲಿಗೆ ಹಾಕಿ
ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಹೋದೆ.
ಇಂದುಲಿಸ್ ಸ್ಕ್ರೂಗಳನ್ನೇ ನೋಡಿದ. ಏನೂ ಅನ್ನಲಿಲ್ಲ.

ಆ ರಾತ್ರಿ ಹಾಕಿದ್ದು ಒಂದು ಹಳ್ಳಿ ಚರ್ಚಿನ ಧ್ವನಿಮುದ್ರಣ.
ಕೋಣೆ ನಿಶ್ಶಬ್ದ.
ಮೊದಲ ಸ್ವರಕ್ಕೆ ಮುನ್ನ ಏಳು ಸೆಕೆಂಡು:
ಗುಂಯ್ ಅನ್ನುತ್ತಿದೆ ಏನೋ, ಸಣ್ಣಗೆ, ತಳದಲ್ಲಿ.
ಎದ್ದು ಗೂಡಿನ ಬಾಗಿಲಿಗೆ ಕಿವಿಯಿಟ್ಟೆ. ಅಲ್ಲಿಂದಲ್ಲ.
ಮತ್ತೆ ಮೊದಲಿನಿಂದ ಹಾಕಿದೆ.

ಅದು ನನ್ನದೇ ಮೋಟಾರು.
ತೊಂಬತ್ತೆರಡರ ಚಳಿಗಾಲ. ಬೇರಿಂಗು ಬದಲಿಸಿ,
"ಇನ್ನು ಕೇಳಿಸುವುದಿಲ್ಲ ಬಿಡಿ" ಎಂದು ಪಾದ್ರಿಗೆ ಮಾತು ಕೊಟ್ಟು,
ಕೂಲಿಯ ಬದಲು ಅರ್ಧ ಹಂದಿ ಹೊತ್ತು ಬಂದಿದ್ದೆ.