ಒತ್ತು

ಕುಠ್ಠಾಳಿಯ ದಡದಲ್ಲಿ, ಮರದ ದಿಮ್ಮಿಗಳ ಮೇಲೆ,
ಅದಿರು ಹೊರುವ ಬಾರ್ಜು ಹೊಟ್ಟೆ ತೋರಿಸಿ ನಿಂತಿದೆ.
ಕೆಳಗೆ ನಾನು, ಗೋಣಿತಾಟಿನ ಮೇಲೆ ಅಂಗಾತ.
ಎದೆಯ ಮೇಲೆ ನೀಲಿ ಯಂತ್ರ,
ಅದರ ಮೂತಿಗೆ ಸಾಸಿವೆಗಿಂತ ಸಣ್ಣ ವಜ್ರ.

ಬೆಸುಗೆ ಯಮನೂರಪ್ಪನದು.
ಏಣಿಗೊರಗಿದ್ದಾನೆ, ಗಂಡಿನ ಕಡೆಯವರ ಉತ್ತರಕ್ಕೆ
ಕಾದು ನಿಂತ ಹೆಣ್ಣಿನಪ್ಪನ ಹಾಗೆ.
“ಎಕ್ಸರೇ ಪಾಸಾಗೇತ್ರಿ ಮೇಡಂ. ಬಿರುಕಿಲ್ಲ, ಗುಳ್ಳಿಲ್ಲ.
ಇನ್ನ ಏನ ಹುಡುಕ್ತೀರಿ?”

ಹೇಗೆ ಹೇಳಲಿ.
ಕರಗಿದ್ದು ಆರುವಾಗ ಕುಗ್ಗುತ್ತೇನೆ ಅಂದಿತು,
ಅಕ್ಕಪಕ್ಕದ ತಣ್ಣನೆ ಹಾಳೆ ಬಿಡಲಿಲ್ಲ.
ಆ ಜಗಳ ಮುಗಿದೇ ಇಲ್ಲ.
ಬಣ್ಣ ಬಳಿದ ಮೇಲೂ, ನೀರಿಗಿಳಿಸಿದ ಮೇಲೂ,
ಯಾರೂ ಎಳೆಯದಿರುವಾಗಲೂ
ಒಳಗೊಳಗೇ ಎಳೆದುಕೊಂಡಿರುತ್ತದೆ.

ಒತ್ತುತ್ತೇನೆ. ಪರದೆಯಲ್ಲಿ ಗೆರೆ ಏರುತ್ತದೆ.
ಬಿಡುತ್ತೇನೆ. ಬೇರೆ ದಾರಿಯಿಂದ ಇಳಿಯುತ್ತದೆ.
ಬಿಗಿದ ಹೊರಸಿನ ಹಗ್ಗ ಬೆರಳಿಗೆ ಮಣಿಯದು;
ಕಬ್ಬಿಣದ್ದು ಉಲ್ಟಾ ನ್ಯಾಯ.
ಎಳೆತಕ್ಕೆ ಸಿಕ್ಕಲ್ಲೇ ಮೊನೆ ಸಲೀಸಾಗಿ ಇಳಿಯುತ್ತದೆ,
ಅದೇ ಭಾರಕ್ಕೆ ಇನ್ನೊಂದಿಷ್ಟು ಆಳ,
ಕೂದಲೆಳೆಯ ಕಾಲು ಪಾಲೂ ಇಲ್ಲ.

ಇನ್ನೊಂದಿಷ್ಟು ಎಂದರೆ, ಯಾವುದಕ್ಕಿಂತ?
ಅದಕ್ಕೇ ಜೇಬಿನಲ್ಲೊಂದು ತುಂಡು:
ಇದೇ ಬೆಸುಗೆಯ ತುದಿಯಿಂದ ಗರಗಸದಲ್ಲಿ ಕೊಯ್ದದ್ದು,
ಬೇರೆಯಾದ ಕ್ಷಣವೇ ಎಳೆತ ಮರೆತದ್ದು.
ಅವನ ಕೈಗಿಟ್ಟೆ. ತಿರುವಿ ತಿರುವಿ ನೋಡಿದ.
“ಇದಕ್ಕ ಯಾವ ತ್ರಾಸೂ ಇಲ್ಲೇನ್ರಿ?”
ಇಲ್ಲ.
“ಹಂಗಾರ ಹಡಗಿಗೆ ಇದು ಯಾತಕ್ಕೂ ಬರಂಗಿಲ್ಲ,” ನಕ್ಕ.

ಹದಿನಾಲ್ಕನೇ ಪಕ್ಕೆಯ ಬಳಿ ಅಂಕಿ ಮಿತಿ ಮೀರಿತು.
ಹೇಳಿದೆ.
“ಅವತ್ತ ಕರೆಂಟ ಹೋಗಿ ಹೋಗಿ ಬಂತ್ರಿ.
ಮೆನೆಝಿಸ್ ಸಾಹೇಬ್ರು ಭರತಿಗಿಂತ ಮೊದಲ ಮುಗಸು ಅಂದ್ರು.”
ಆಮೇಲೆ ಮಾತಿಲ್ಲ.

ಜುವಾರಿಯ ನೀರು ದಿಮ್ಮಿಗಳ ಬುಡಕ್ಕೆ ಬರುತ್ತಿತ್ತು.
ಅಂಕಿ ಬರೆಯಹೋದರೆ ಪೆನ್ನು ನಿಲ್ಲದು.
ಮಧ್ಯಾಹ್ನದಿಂದ ಮುಂಗೈ ಸೆಟೆದೇ ಇದೆ,
ಈಗ ಗೊತ್ತಾಯಿತು.
ಅವನು ಬಗ್ಗಿ ಒಳಗೆ ಬಂದ.
ವಜ್ರ ಬಿಟ್ಟ ಕುಳಿಯನ್ನು ಹುಡುಕಿ,
ಹೆಬ್ಬೆರಳಿಟ್ಟು,
ನನ್ನ ಹಾಗೆಯೇ, ಮೆಲ್ಲಗೆ ಒತ್ತಿದ.