ದೀಡನೂರು ಲೀಟರ್

ವಾಡಿ ಜಂಕ್ಷನ್ನಿನ ಹಿಂದಿನ ಓಣಿಯಾಗ
ನಮ್ಮದು ಇಸ್ತ್ರಿ ಮನಿ.
ಪಡಸಾಲಿಗೆ ಹತ್ತಿ ಒಂದು ಉಗಿಯ ಬಾಯ್ಲರು,
ತೊಗರಿ ಕಟಗಿ ತಿಂದು ಉಸಿರಾಡ್ತದ.
ಗಾರ್ಡುಗಳ ಬಿಳಿ ಪ್ಯಾಂಟು, ಸಿಮೆಂಟ್ ಸಾಹೇಬರ ಅಂಗಿ
ಎಲ್ಲಾ ಅದರ ಮುಂದ ಸೊಕ್ಕು ಬಿಟ್ಟು ಮಲಗ್ತಾವ.

ಒಳಗ ಅಷ್ಟು ಬೆಂಕಿ ಇದ್ದೂ
ಪುಷ್ಯದ ಮುಂಜಾನಿ ನಾವು
ಹಲ್ಲು ಕಡಕೋತ ತಣ್ಣೀರಾಗ ಜಳಕ ಮಾಡೋರು.
ಒಮ್ಮೆ ಬಾಯ್ಲರಿನ ನಳ ಬಿಟ್ಟು ತುಂಬಿಕೊಂಡೆ.
ಬಕೀಟಿನಾಗ ಬಂದದ್ದು ಜಂಗಿನ ರಸ.
ಸಣ್ಣವ ವಿರೂಪಣ್ಣ ಕಾವಿ ಸನ್ಯಾಸಿ ಆಗಿ ಹೊರಗ ಬಂದ.

ಮಾವ ಅಂತಾರ,
"ಇಂಜಿನ್ನಿನ ಬಿಸಿನೀರಿಲೆ ಚಾ ಕುಡದೀವಿ,
ಸತ್ತೀವೇನು?"
ಹದಿನೆಂಟು ವರ್ಷ ಸಲಿಕಿಲೆ ಕಲ್ಲಿದ್ದಲು ಒಗದ ಕೈ.
ಕಿವಿ ಈಗ ಗಾಡಿ ಸೀಟಿಗಿ ಮಾತ್ರ ಕೇಳ್ತದ.

ಲಾಲಹ್ಮದ್ ಮಿಸ್ತ್ರಿ ಬಂದ, ಬೀಡಿ ಕಿವಿ ಮ್ಯಾಲ.
ಶಹಾಬಾದಿ ಕಲ್ಲಿನ ನೆಲದ ಮ್ಯಾಲ
ಇದ್ದಲಿಲೆ ಚಿತ್ರ ಬರದ:
"ಇದು ಟಾಕಿ. ಒಳಗ ಹಾವಿನಂಗ ಸುರುಳಿ ನಳಗಿ.
ಉಗಿ ನಳಗಿಯೊಳಗ ಹೋಗ್ತದ,
ನೀರಾಗಿ ತಿರುಗಿ ಬಾಯ್ಲರಿಗಿ ಬರ್ತದ.
ಟಾಕಿ ನೀರು ಟಾಕಿದೇ, ಬಾಯ್ಲರಿಂದು ಬಾಯ್ಲರಿಂದೇ.
ಒಂದಕ್ಕೊಂದು ಮುಟ್ಟೂದಿಲ್ಲ,
ಖರೆ ಕಾಯ್ತದ."

ಸುರುಳಿ ತಾಮ್ರದ್ದೋ ಸ್ಟೀಲಿಂದೋ?
ನಮ್ಮದು ಸುಣ್ಣದ ನೀರು,
ಚಾದ ಪಾತೇಲಿಗೂ ಬಿಳೇ ಒಳಂಗಿ ತೊಡಸ್ತದ.
"ಯಾವುದರೇ ಹಾಕು, ಕೈ ಹೋಗುವಷ್ಟು ಬಾಗಲ ಇಡು,
ವರ್ಷಕ್ಕೊಮ್ಮೆ ಕೆರೀಲಾಕ," ಅಂದೆ.
ಮಿಸ್ತ್ರಿ ನನ್ನ ಕಡಿ ತಿರುಗಿ ಕುಂತ.
ಅಲ್ಲೀತನಕ ಗಂಡಸರಿಗೇ ಹೇಳ್ಲಾಕ ಹತ್ತಿದ್ದ.

"ಮನ್ಯಾಗ ಎಷ್ಟು ಮಂದಿ?
ಆರಾದರ ನೂರು ಲೀಟರ್ ಸಾಕು."
ಬೆರಳು ಮಡಚಿದೆ.
ಆರಕ್ಕ ಮುಗೀಲಿಲ್ಲ, ಏಳನೇದರ ಮ್ಯಾಲ ನಿಂತೆ.

ಒಳಗ ಚಂದಮ್ಮ ರೊಟ್ಟಿ ಬಡಿಯೂ ಸಪ್ಪಳ.
ಇವರ ತಂಗಿ. ಒಂಬತ್ತು ವರ್ಷದ ಹಿಂದ
ತನಗ ಬೇಕಾದವನ ಕೈ ಹಿಡದು ರಾತ್ರಿ ಗಾಡಿ ಹತ್ತಿದಾಕಿ,
ಈ ದಸರಾಕ್ಕ ಒಂದು ಟ್ರಂಕು ತಗೊಂಡು ಒಬ್ಬಾಕೇ ಇಳದಳು.
ಇವರು ಆಕಿ ಸಂಗಟ ಮಾತು ಬಿಟ್ಟಾರ.
ಉಪ್ಪು ಬೇಕಾದರ ನನಗ ಹೇಳ್ತಾರ,
ಆಕಿ ತಂದು ನನ್ನ ಕೈಯಾಗ ಕೊಡ್ತಾಳ.
ಎಲ್ಲರದೂ ಮುಗಿದ ಮ್ಯಾಲ ಕಡೀಕ
ತಂಬಿಗಿ ಸಪ್ಪಳ ಆಗದಂಗ ಜಳಕ ಮಾಡ್ತಾಳ.

ಇವರು ತಲಿ ಎತ್ತಲಿಲ್ಲ.
ಟಿಸಿಯ ಕರೀ ಕೋಟಿನ ತೋಳು ತಿರುವಿ ಹಾಕಿದರು.
"ದೀಡನೂರದ್ದು ಬರ್ಕೋ."
"ಮೂರು ಸಾವಿರ ಜಾಸ್ತಿ ಆಗ್ತದ ನೋಡ್ರಿ."
"ಬರ್ಕೋ ಅಂದೆ."

ರೊಟ್ಟಿ ಸಪ್ಪಳ ನಿಂತಿತು.
ಒಂದು ರೊಟ್ಟಿ ಹಂಚಿನ ಮ್ಯಾಲೇ ಸೀದ ವಾಸನಿ.

"ದೀಡನೂರು ಯಾಕೋ," ಮಾವ ಕುಂತಲ್ಲೇ ಒದರಿದರು,
"ಎಮ್ಮಿ ತೊಳಿಯೂದು ಅದ ಏನು?"
ಅಷ್ಟರಾಗ ಸಿಮೆಂಟ್ ತುಂಬಿದ ಗೂಡ್ಸ್ ಬಂತು,
ಮನಿ ಎಲ್ಲಾ ಗಡಗಡ ಅಂತು,
ಯಾರೂ ಉತ್ತರ ಹೇಳೂ ಪ್ರಸಂಗ ಬರಲಿಲ್ಲ.