ಮನೆಗೆ ಜ್ವರ

ಗ್ಯಾಸ್ ಬಿಲ್ಲಿನ ಬೆನ್ನ ಮೇಲೆ ಬರೆದು ತಂದಿದ್ದರು ಚಿತ್ರ:
ಒಂದು ಡ್ರಮ್ಮು, ಅದಕ್ಕೊಂದು ಬಾಗಿಲು,
ತಲೆಯ ಮೇಲೆ ಉದ್ದನೆ ಕೊಳವೆ.
"ದಾದಾಪೀರ್, ಇದನ್ನ ಮಾಡಿಕೊಡು" ಅಂದರು ಸುಬೇದಾರ್ ಗಾದ್ರೆಪ್ಪ.
ಇಪ್ಪತ್ತು ವರ್ಷ ಗೇಟು ಗ್ರಿಲ್ಲು ಬೆಸೆದ ಕೈ ನನ್ನದು.
ಕೇಳಿಯೇಬಿಟ್ಟೆ: ಸಾರ್, ಇದರಲ್ಲಿ ಇಳಿಸೋದು ಏನನ್ನ?

"ಏನೂ ಇಳಿಸೋದಿಲ್ಲ. ಬೇಯಿಸೋದಿಲ್ಲ.
ಮನೆ ಬೆಚ್ಚಗಿಡುತ್ತೆ. ಬುಖಾರಿ."

ನಮ್ಮ ಮನೆಮಾತಲ್ಲಿ ಬುಖಾರ್ ಅಂದರೆ ಜ್ವರ.
ಚಿತ್ರದುರ್ಗದಲ್ಲಿ, ಮಾರ್ಚಿಗೆಲ್ಲ
ಬಂಡೆ ಮುಟ್ಟಿದರೆ ಬೊಬ್ಬೆ ಏಳುವ ಊರಿನಲ್ಲಿ,
ದುಡ್ಡು ಕೊಟ್ಟು ಮನೆಗೆ ಜ್ವರ ಬರಿಸಿಕೊಳ್ಳುವ ಗಿರಾಕಿ!
ಮಾತಾಡದೆ ಐನೂರು ಅಡ್ವಾನ್ಸ್ ಇಸಕೊಂಡೆ.

ಕೈಗಾಡಿ ಬುರುಜನಹಟ್ಟಿ ಏರುವಷ್ಟರಲ್ಲಿ
ಬೀದಿ ಅದಕ್ಕೆ ಬೇರೆ ಹೆಸರುಗಳನ್ನು ಇಟ್ಟಾಗಿತ್ತು.
ಸಾರಾಯಿ ಭಟ್ಟಿ ಅಂದ ಒಬ್ಬ.
ದಾವಣಗೆರೆಗೇ ಪೈಪೋಟಿ, ಮಂಡಕ್ಕಿ ಭಟ್ಟಿ, ಅಂದ ಇನ್ನೊಬ್ಬ.
ಮೇಷ್ಟ್ರು ತಿಪ್ಪೇರುದ್ರಪ್ಪ ಕನ್ನಡಕ ಏರಿಸಿ
"ಮಿಲಿಟರಿ ವಸ್ತು, ಹೆಚ್ಚು ಮಾತಾಡಬಾರದು" ಅಂದರು.
ಆಮೇಲೆ ಎಲ್ಲರೂ ಹೆಚ್ಚು ಮಾತಾಡಿದರು.

ಕೊಳವೆ ನೆಟ್ಟಗೆ ಮೇಲಕ್ಕೆ ಹೋಗಬೇಕು ಅಂತ ಅವರು.
ತಾರಸಿಗೆ ತೂತು ಬಿದ್ದ ದಿನ ನಾನು ತವರಿಗೆ ಅಂತ ಮಾರಕ್ಕ.
ರಾಜಿಯಾಯಿತು. ಕೊಳವೆ ಅಡ್ಡಕ್ಕೆ ಬಾಗಿ
ಜೋಗಿಮಟ್ಟಿ ಕಡೆಯ ಕಿಟಕಿಯಿಂದ ಹೊರಗಿಣುಕಿತು.
ಹೊಗೆಗೆ ದಾರಿ ತೋರಿಸಿದರೆ ಸಾಕು, ತಾನೇ ಹೋಗುತ್ತೆ
ಅಂತ ನಾನೂ ನಂಬಿದ್ದೆ.
ಗುಡ್ಡದ ಮೇಲೆ ಅಷ್ಟುದ್ದದ ಫ್ಯಾನುಗಳನ್ನು ತಿರುಗಿಸುವ ಗಾಳಿಗೆ
ಅದೇ ದಾರಿ ಒಳಗೆ ಬರಲಿಕ್ಕೂ ಆಗುತ್ತೆ ಅಂತ
ಯಾರಿಗೂ ಹೊಳೆಯಲಿಲ್ಲ.

ಸೌದೆಗೆ ದೊಡ್ಡ ಪಂಚಾಯಿತಿ.
ಹುಣಸೆ ಬೇಡ, ಮನೆಯಲ್ಲಿ ಜಗಳ ಹುಟ್ಟುತ್ತೆ.
ಬೇವು ಸುಟ್ಟರೆ ಕೆಮ್ಮು ಹೋಗುತ್ತೆ, ಸೊಳ್ಳೆಯೂ.
ಹಸಿ ಜಾಲಿಯೇ ಸರಿ, ನಿಧಾನಕ್ಕೆ ಉರಿದು ಉಳಿತಾಯ
ಅಂದದ್ದು ಸೌದೆ ಡಿಪೋ ಕಾಟಯ್ಯ.
ಅವನ ಹತ್ತಿರ ಇದ್ದದ್ದು ಹಸಿ ಜಾಲಿ.

ಧನುರ್ಮಾಸದ ಒಂದು ನಸುಕು.
ಬಿಸಿ ಸೋರಬಾರದು ಅಂತ ಬಾಗಿಲ ಸಂದಿಗೆಲ್ಲ
ಗೋಣಿತಾಟು ತುರುಕಿ, ಸೀಮೆಎಣ್ಣೆ ಚಿಮುಕಿಸಿ, ಕಡ್ಡಿ ಗೀರಿದರು.
ಜಾಲಿ ಮೊದಲು ತಾನು ಅತ್ತಿತು
ಆಮೇಲೆ ನಮ್ಮನ್ನು ಅಳಿಸಿತು.
ಹತ್ತೇ ನಿಮಿಷ. ಮನೆ ನಿಜಕ್ಕೂ ಬೆಚ್ಚಗಾಗಿತ್ತು.
ಸುಬೇದಾರರು, ಮಾರಕ್ಕ, ಹೊಳಲ್ಕೆರೆಯಿಂದ ಬಂದ ಬೀಗರು,
ನಾನು, ಒಂದು ಬೆಕ್ಕು,
ಅಂಗಳದಲ್ಲಿ ಗಡಗಡ ನಡುಗುತ್ತ ನಿಂತಿದ್ದೆವು.
ಸೊಳ್ಳೆ ಒಳಗೇ ಇದ್ದವು.
ಬೀಗರು ಏಳರ ಬಸ್ಸಿಗೆ ಹೊರಟರು.

ಕಣ್ಣೊರೆಸಿಕೊಳ್ಳುತ್ತ ಅಂದರು ಸುಬೇದಾರರು
(ಹೊಗೆಗೋ ಏನೋ, ನಾನು ಕೇಳಲಿಲ್ಲ):
"ದ್ರಾಸ್‌ನಲ್ಲಿ ಇಂಥದ್ದರ ಸುತ್ತ ಹನ್ನೆರಡು ಜನ ಕಣಪ್ಪ.
ಎದೆ ಸುಡೋದು, ಬೆನ್ನು ಕೊರೆಯೋದು.
ರೊಟ್ಟಿ ಮಗುಚಿದ ಹಾಗೆ ತಿರುಗಿ ಕೂರೋದು.
ಒಬ್ಬ ತಿರುಗಿದರೆ ಎಲ್ಲರೂ ತಿರುಗಬೇಕು.
ಇಲ್ಲಿ ಅಂಥ ಚಳಿ ಇಲ್ಲ, ಗೊತ್ತು."

ಬಾಕಿ ಏಳುನೂರು ಕೇಳುವ ಹೊತ್ತಲ್ಲ ಅದು.
ಏಪ್ರಿಲ್ಲಿನಲ್ಲಿ ಹೋದೆ.
ಬುಖಾರಿ ಹಿತ್ತಲಿಗೆ ಬಂದಿತ್ತು, ಹೊಂಗೆಯ ಕೆಳಗೆ.
ನಾನು ಕೂರಿಸಿದ ಬಾಗಿಲು ಅರೆತೆರೆದಿತ್ತು.
ಒಳಗೆ, ತಣ್ಣನೆ ಬೂದಿಯ ಮೇಲೆ, ಕಾವಿಗೆ ಕೂತ ಹೇಂಟೆ.
"ಸದ್ದು ಮಾಡಬೇಡ, ಹನ್ನೊಂದು ಮೊಟ್ಟೆ, ಇನ್ನಾರು ದಿನ"
ಪಿಸುಗುಟ್ಟಿದರು ಸುಬೇದಾರರು.
ಬನಿಯನ್ನು ಬೆವರಿಗೆ ಬೆನ್ನಿಗಂಟಿತ್ತು,
ಎರಡೂ ಅಂಗೈ ಡ್ರಮ್ಮಿನತ್ತ ಚಾಚಿದ್ದವು.

ಪಕ್ಕದ ಕಲ್ಲಿನ ಮೇಲೆ ನಾನೂ ಕೂತೆ.
ಬಾಕಿಯ ಮಾತು ಬಾಯಿಗೆ ಬಂದು ನಿಂತಿತು.
ಸ್ವಲ್ಪ ಹೊತ್ತಿನ ಮೇಲೆ ಅವರು
ಬೆನ್ನು ಈ ಕಡೆ ಮಾಡಿ ತಿರುಗಿದರು.
ನಾನೂ ತಿರುಗಿದೆ.
ಹೇಂಟೆ ಮಾತ್ರ ಇದ್ದ ಹಾಗೇ ಕೂತಿತ್ತು.